ಸಹಾಯ ಬೇಕು: ಲಗೇಜ್ ಹೊತ್ತು ದೂರ ಹೋಗಲು ಈ ಸೈಕಲ್ ತಡೆಯುತ್ತಾ?

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವನು. ಸೈಕಲ್ ಮೇಲೆ ದೂರ ತಿರುಗಿದವರು ದಯವಿಟ್ಟು ಹೇಳಿ.

ಹೋದ ವರ್ಷ ಹಂಪಿಗೆ ಹೊರಟಿದ್ದೆ. ಅಣ್ಣಿಗೇರಿ ಹತ್ತಿರ ಹಿಂದಿನ ಚಕ್ರದ ಮೂರು ಕಡ್ಡಿ ಮುರಿದವು. 28 ಕಡ್ಡಿಯ ತೆಳು ರಿಮ್, ಮೇಲೆ 18 ಕೆ.ಜಿ. ಸಾಮಾನು. ಸೈಕಲ್ ಟೆಂಪೋದಲ್ಲಿ ಹಾಕಿಕೊಂಡು ವಾಪಸ್ ಬಂದೆ. ಆ ಬೇಜಾರು ಇನ್ನೂ ಹೋಗಿಲ್ಲ.

ಈಗ ಹುಬ್ಬಳ್ಳಿಯಲ್ಲಿ ಒಬ್ಬರು ಹಳೆಯ ಟೂರಿಂಗ್ ಸೈಕಲ್ ಮಾರುತ್ತಿದ್ದಾರೆ. ಕ್ರೋಮೋಲಿ ಸ್ಟೀಲ್ (ಗಟ್ಟಿಯಾದ ಮಿಶ್ರ ಉಕ್ಕು) ಫ್ರೇಮ್, ಎರಡೂ ಚಕ್ರಕ್ಕೆ 36 ಕಡ್ಡಿ, ಹಿಂದೆ ಮುಂದೆ ಕ್ಯಾರಿಯರ್ ಕೂರಿಸಲು ಬೋಲ್ಟ್ ತೂತುಗಳಿವೆ. ಹಿಂದಿನ ಚಕ್ರ ಪೆಡಲ್‌ನಿಂದ ಸ್ವಲ್ಪ ದೂರಕ್ಕಿದೆ, ಹಾಗಾಗಿ ತುಳಿಯುವಾಗ ಹಿಮ್ಮಡಿ ಹಿಂದಿನ ಕ್ಯಾರಿಯರ್ ಚೀಲಕ್ಕೆ ತಾಗುವುದಿಲ್ಲ. ಇದು ನನಗೆ ತುಂಬಾ ಹಿಡಿಸಿತು. ತೂಕ ಜಾಸ್ತಿ, ಇರಲಿ. ನನಗೆ ವೇಗ ಬೇಡ, ದಾರಿಯಲ್ಲಿ ಮುರಿಯಬಾರದು ಅಷ್ಟೇ.

ಅನುಮಾನ ಇರುವುದು ಗೇರ್ ಬಗ್ಗೆ. ಚೈನ್ ಕೂರುವ ಹಲ್ಲುಚಕ್ರಗಳಲ್ಲಿ ಮುಂದಿನ ಸಣ್ಣದು 30 ಹಲ್ಲು, ಹಿಂದಿನ ದೊಡ್ಡದು 28. ಗದಗ, ಕೊಪ್ಪಳದ ಬಯಲಿಗೆ ಸಾಕು. ಆದರೆ ಅಂಕೋಲಾದಿಂದ ವಾಪಸ್ ಬರುವಾಗ ಅರಬೈಲ್ ಘಟ್ಟ ಲಗೇಜ್ ಸಮೇತ ಹತ್ತಬಹುದಾ? ಹಿಂದೆ 34 ಹಲ್ಲಿನದು ಹಾಕಿಸಿದರೆ ಡಿರೇಲರ್ (ಗೇರ್ ಬದಲಿಸುವಾಗ ಚೈನ್ ಸರಿಸುವ ಭಾಗ) ಕೂಡ ಬದಲಿಸಬೇಕಾ? ಇನ್ನೊಂದು, ಪೆಡಲ್ ಅಚ್ಚಿನ ಹತ್ತಿರ ಬಣ್ಣ ಕಿತ್ತು ತುಕ್ಕು ಕಾಣುತ್ತಿದೆ. ಬರೀ ಮೇಲಿನದೋ, ಒಳಗೂ ತಿಂದಿದೆಯೋ, ಹೇಗೆ ನೋಡುವುದು?

ಭಾನುವಾರ ಬೆಳಿಗ್ಗೆ ಮತ್ತೆ ನೋಡಲು ಹೋಗುತ್ತೇನೆ. ಗೊತ್ತಿರುವವರು ಯಾರಾದರೂ ಜೊತೆಗೆ ಬಂದರೆ ದೊಡ್ಡ ಉಪಕಾರ. ಚಹಾ, ಗಿರ್ಮಿಟ್ ನನ್ನ ಕಡೆಯಿಂದ.