ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಂಡಿದ್ದೇನೆ, ಯಾವ ಕೆಲಸ ನಾನೇ ಮಾಡಬಹುದು?

ಜಗಳೂರು ರೈತ:

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದಲ್ಲಿ ಒಂದು ಬೊಲೆರೊ ಪಿಕಪ್ ತಗೊಂಡಿದ್ದೇನೆ. 2018ರ ಮಾಡೆಲ್, ಬಿಎಸ್-4 ಡೀಸೆಲ್. ಮೀಟರ್ 1,42,000 ಕಿ.ಮೀ. ತೋರಿಸುತ್ತಿದೆ. ಹಿಂದಿನವರು ಸಿಮೆಂಟ್, ಕಬ್ಬಿಣ ಹೊಡೆಯುತ್ತಿದ್ದರಂತೆ. ನಾವು ಈರುಳ್ಳಿ, ಮೆಕ್ಕೆಜೋಳ ಬೆಳೆಯುವವರು. ನಮ್ಮ ಮಾಲು, ಅಕ್ಕಪಕ್ಕದ ಹೊಲದವರ ಮಾಲು ದಾವಣಗೆರೆ ಎಪಿಎಂಸಿಗೆ ಸಾಗಿಸಬೇಕು.

ಸರ್ವಿಸ್ ಪುಸ್ತಕ ಇಲ್ಲ. "ಆಯಿಲ್ ಮೊನ್ನೆ ತಾನೇ ಹಾಕಿಸಿದ್ದೇವೆ" ಅಂದರು. ಬಿಲ್ ಕೇಳಿದರೆ ಸಿಗಲಿಲ್ಲ. ಮನೆಯ ಟ್ರ್ಯಾಕ್ಟರ್ ಆಯಿಲ್, ಫಿಲ್ಟರ್ ಎಲ್ಲ ನಾನೇ ಬದಲಿಸುತ್ತೇನೆ. ಸ್ಪ್ಯಾನರ್ ಸೆಟ್, ಗ್ರೀಸ್ ಗನ್, ಜಾಕಿ ಇವೆ. ಸುಮ್ನೆ ಪ್ರತಿ ಸಣ್ಣ ಕೆಲಸಕ್ಕೂ ಒಂದು ದಿನ ಗಾಡಿ ನಿಲ್ಲಿಸಿ ಗ್ಯಾರೇಜಿಗೆ ಹೋಗುವುದು ನಮಗೆ ಆಗದ ಮಾತು.

ಮೂರು ವಿಷಯ ಕಣ್ಣಿಗೆ ಬಿದ್ದಿದೆ. ಲೋಡ್ ಇದ್ದಾಗ ಕ್ಲಚ್ ಬಿಟ್ಟು ಹೊರಟ ಕೂಡಲೇ ಕೆಳಗೆ "ಟಕ್" ಅಂತ ಒಂದು ಸದ್ದು. ರೇಡಿಯೇಟರ್ ನೀರು ಕಂದು ಬಣ್ಣ. ಹಿಂದೆ ಎರಡೂ ಕಡೆ ಸ್ಪ್ರಿಂಗಿಗೆ ಒಂದೊಂದು ಪ್ಲೇಟ್ ಜಾಸ್ತಿ ಹಾಕಿಸಿದ್ದಾರೆ. ಎಲ್ಲಿಂದ ಶುರು ಮಾಡಲಿ? ಯಾವುದಕ್ಕೆ ಕೈ ಹಾಕಬಾರದು?

ಹದಡಿ ರಸ್ತೆ ಮೆಕ್ಯಾನಿಕ್:

ಟ್ರ್ಯಾಕ್ಟರ್ ಬಿಚ್ಚಿದ ಕೈ ಅಂದಮೇಲೆ ಅರ್ಧ ಕೆಲಸ ನಿಮಗೆ ಗೊತ್ತೇ ಇದೆ ಅಣ್ಣ. ಇಂಥ ಗಾಡಿಗಳನ್ನೇ ನೋಡಿಕೊಂಡು ಬಂದವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳದೆ ಓದಿ.

ಮಾರಿದವರು ಏನೇ ಹೇಳಲಿ, ಈ ಗಾಡಿಗೆ ಹಿಂದಿನ ಲೆಕ್ಕವೇ ಇಲ್ಲ ಅಂತ ಹಿಡಿಯಿರಿ. ಇಂಜಿನ್ ಆಯಿಲ್, ಗೇರ್ ಬಾಕ್ಸ್ ಆಯಿಲ್, ಕ್ರೌನ್ ಆಯಿಲ್ (ಹಿಂದಿನ ಆಕ್ಸಲ್ ನಡುವಿನ ಗೇರಿನದು), ಕೂಲೆಂಟ್, ಬ್ರೇಕ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್. ಒಮ್ಮೆ ಎಲ್ಲ ಹೊಸದು ಹಾಕಿಬಿಡಿ. ಆ ದಿನದ ತಾರೀಖು, ಕಿ.ಮೀ. ಒಂದು ನೋಟ್‌ಬುಕ್ಕಿನಲ್ಲಿ ಬರೆದು ಡ್ಯಾಶ್‌ಬೋರ್ಡಿನಲ್ಲಿ ಇಡಿ. ನಿಮ್ಮ ಲೆಕ್ಕ ಅಲ್ಲಿಂದ ಶುರು. ಒಮ್ಮೆಲೇ ಖರ್ಚು ಅನಿಸುತ್ತದೆ, ಆದರೆ ಮುಂದೆ ಏನಾದರೂ ತೊಂದರೆ ಬಂದರೆ ಹುಡುಕುವ ಜಾಗ ಕಡಿಮೆಯಾಗುತ್ತದೆ.

ಮೊದಲು ಆ "ಟಕ್" ಸದ್ದು. ಹತ್ತರಲ್ಲಿ ಒಂಬತ್ತು ಸಲ ಅದು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದರೆ ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಉದ್ದ ಶಾಫ್ಟಿನ ಕೀಲು. ಸಿಮೆಂಟ್ ಹೊಡೆದ ಗಾಡಿ, ಗ್ರೀಸ್ ಕಂಡಿರುವುದು ಅನುಮಾನ. ಸಮನಾದ ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಡಿ, ಇಂಜಿನ್ ಆಫ್, ನ್ಯೂಟ್ರಲ್. ಕೆಳಗೆ ಹೋಗಿ ಕ್ರಾಸಿನ ಈಚೆ ಒಂದು ಕೈ, ಆಚೆ ಒಂದು ಕೈ ಹಿಡಿದು ಎದುರುಬದುರು ತಿರುವಿ. ಸ್ವಲ್ಪ ಆಟ ಸಿಕ್ಕರೂ ಕ್ರಾಸ್ ಹೋಗಿದೆ. ಕ್ರಾಸಿನ ನಾಲ್ಕು ತುದಿಗೆ ಟೋಪಿಯಂತೆ ಕೂತಿರುವ ಕಪ್ಪಿನ (ಕಪ್) ಸುತ್ತ ತುಕ್ಕಿನ ಕೆಂಪು ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗ್ ಒಣಗಿದೆ ಅಂತ ಅರ್ಥ, ಗ್ರೀಸ್ ಹೊಡೆದು ಪ್ರಯೋಜನ ಇಲ್ಲ. ಆಟ ಇಲ್ಲದಿದ್ದರೆ ಶಾಫ್ಟ್ ಹಿಂದೆ ಮುಂದೆ ಜಾರುವ ಹಲ್ಲಿನ ಭಾಗ, ಅಂದರೆ ಸ್‌ಪ್ಲೈನ್ ಒಣಗಿರಬಹುದು. ಅಲ್ಲೂ ಗ್ರೀಸ್ ಗನ್ ಕೂರಿಸುವ ಒಂದು ನಿಪ್ಪಲ್ ಇರುತ್ತದೆ, ಮಣ್ಣು ಮುಚ್ಚಿರುತ್ತದೆ, ತಂತಿ ಬ್ರಶ್ಶಿನಲ್ಲಿ ಉಜ್ಜಿದರೆ ಕಾಣುತ್ತದೆ.

ಕ್ರಾಸಿಗೆ ಗ್ರೀಸ್ ಹೊಡೆಯುವಾಗ ನಾಲ್ಕೂ ಕಪ್ಪಿನ ಸೀಲಿನಿಂದ ಹಳೇ ಕಪ್ಪು ಗ್ರೀಸ್ ಹೊರಗೆ ಬಂದು, ಹೊಸ ಬಣ್ಣ ಕಾಣಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಆ ಒಂದು ಕಪ್ ಕಟ್ಟಿಕೊಂಡಿದೆ. ಮೊದಲು ಹೋಗುವುದು ಅದೇ. ಶಾಫ್ಟ್ ಬಿಚ್ಚಬೇಕಾದರೆ ಎರಡೂ ಫ್ಲ್ಯಾಂಜ್ ಮೇಲೆ ಪೇಂಟಿನಲ್ಲಿ ಒಂದು ಗೆರೆ ಹಾಕಿ, ಅದೇ ಗೆರೆಗೆ ಕೂರಿಸಿ. ಇಲ್ಲದಿದ್ದರೆ ಓಡುವಾಗ ನಡುಕ ಬರಬಹುದು. ಇನ್ನೊಂದು, ಶಾಫ್ಟ್ ಬಿಚ್ಚಿದ ಮೇಲೆ ಗೇರಿನಲ್ಲಿ ಇಟ್ಟರೂ ಗಾಡಿ ನಿಲ್ಲುವುದಿಲ್ಲ. ಹಾಗಾಗಿ ಕಲ್ಲು ಮರೆಯಬೇಡಿ.

ರೇಡಿಯೇಟರ್ ನೀರು. ಇಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ಮುಚ್ಚಳ ತೆಗೆಯಿರಿ. ನೀರಿನ ಮೇಲೆ ಎಣ್ಣೆ ಪದರ ಇದೆಯಾ? ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲಿನಂಥ ಬಿಳಿ ಕೆನೆ ಇದೆಯಾ? ಸ್ಟಾರ್ಟ್ ಮಾಡಿದಾಗ ಒಂದೇ ಸಮ ಗುಳ್ಳೆ ಬರುತ್ತಿದೆಯಾ? ಇದರಲ್ಲಿ ಯಾವುದಿದ್ದರೂ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್, ಹೆಡ್ ನಡುವಿನ ಪ್ಯಾಕಿಂಗ್) ಮೇಲೆ ಅನುಮಾನ. ಅಲ್ಲಿಗೆ ನಿಲ್ಲಿಸಿ ಗ್ಯಾರೇಜಿಗೆ ಬನ್ನಿ. ಬರೀ ಕಂದು ಬಣ್ಣ ಇದ್ದರೆ ಅದು ತುಕ್ಕು. ಕೂಲೆಂಟ್ ಬದಲು ಬರೀ ನೀರು ಹಾಕಿ ಓಡಿಸಿದ್ದಾರೆ. ಸ್ವಚ್ಛ ನೀರು ಬರುವ ತನಕ ತೊಳೆದು, ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಹಾಕಿ. ಬೋರ್ ನೀರು ಮಾತ್ರ ಬೇಡವೇ ಬೇಡ. ನಿಮ್ಮ ಜಗಳೂರು ಕಡೆ ಬೋರ್ ನೀರು ಎಷ್ಟು ಗಡಸು ಅಂತ ಸ್ನಾನದ ಹಂಡೆ ಒಳಗೆ ನೋಡಿದರೆ ಗೊತ್ತಾಗುತ್ತದೆ. ಅದೇ ಬಿಳಿ ಪೊರೆ ರೇಡಿಯೇಟರ್ ಕೊಳವೆಯಲ್ಲೂ ಕಟ್ಟುತ್ತದೆ.

ನಿಮ್ಮ ಮಾಲಿನಿಂದಲೇ ಬರುವ ತೊಂದರೆ ಒಂದಿದೆ. ಈರುಳ್ಳಿಯ ಒಣ ಸಿಪ್ಪೆ, ಮೆಕ್ಕೆಜೋಳದ ಹೊಟ್ಟು. ಕಣದಲ್ಲಿ, ಮಾರ್ಕೆಟಿನಲ್ಲಿ ಗಾಡಿ ಸ್ಟಾರ್ಟ್ ಇಟ್ಟು ನಿಲ್ಲಿಸಿದಾಗ ಫ್ಯಾನ್ ಅದನ್ನೆಲ್ಲ ಎಳೆದು ರೇಡಿಯೇಟರ್ ಮುಖಕ್ಕೆ ಅಂಟಿಸುತ್ತದೆ. ಹೊರಗಿನಿಂದ ನೋಡಿದರೆ ಕಾಣುವುದಿಲ್ಲ, ಗ್ರಿಲ್ ಹಿಂದೆ ಟಾರ್ಚ್ ಬಿಟ್ಟು ನೋಡಬೇಕು. ಸುಗ್ಗಿಯಲ್ಲಿ ವಾರಕ್ಕೊಮ್ಮೆ ಇಂಜಿನ್ ಕಡೆಯಿಂದ ಹೊರಕ್ಕೆ ಗಾಳಿ ಹೊಡೆಯಿರಿ. ವಾಟರ್ ಸರ್ವಿಸ್‌ನವರ ಜೋರು ನೀರು ಹತ್ತಿರದಿಂದ ಬಿಟ್ಟರೆ ಫಿನ್ ಮಡಚಿಕೊಳ್ಳುತ್ತವೆ.

ಏರ್ ಫಿಲ್ಟರ್ ನೆಲಕ್ಕೆ ಬಡಿಯುವ ಅಭ್ಯಾಸ ಇದ್ದರೆ ಬಿಡಿ, ಪೇಪರ್ ಹರಿಯುತ್ತದೆ. ಫಿಲ್ಟರಿನಿಂದ ಟರ್ಬೋಗೆ ಹೋಗುವ ರಬ್ಬರ್ ಪೈಪ್ ಬಿಚ್ಚಿ ಒಳಗೆ ಬೆರಳು ಆಡಿಸಿ. ಧೂಳು ಹತ್ತಿದರೆ ಎಲ್ಲೋ ಕ್ಲಿಪ್ ಸಡಿಲ ಇದೆ ಅಥವಾ ಪೈಪ್ ಸೀಳಿದೆ. ಎಷ್ಟು ಹೊಸ ಫಿಲ್ಟರ್ ಹಾಕಿದರೂ ಟರ್ಬೋ ಉಳಿಯುವುದಿಲ್ಲ.

ಇಂಜಿನ್ ಆಯಿಲ್ ನಿಮಗೆ ಹೇಳಬೇಕಾಗಿಲ್ಲ. ಮ್ಯಾನ್ಯುಯಲ್ ಹೇಳುವ ಗ್ರೇಡ್, ಬಿಸಿ ಇರುವಾಗ ಇಳಿಸಿ, ಡ್ರೈನ್ ಬೋಲ್ಟಿಗೆ ಹೊಸ ವಾಷರ್. ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ ಬೇಗ ಕಪ್ಪಾಗುತ್ತದೆ, ಗಾಬರಿ ಬೇಡ. ಗೇರ್ ಬಾಕ್ಸ್, ಕ್ರೌನ್ ಮಾಡುವಾಗ ಮೊದಲು ಮೇಲಿನ ತುಂಬುವ ಬೋಲ್ಟ್ ಬಿಚ್ಚಿ ನೋಡಿ, ಆಮೇಲೆ ಕೆಳಗಿನದು. ಕೆಳಗಿನದು ಬಿಚ್ಚಿ ಆಯಿಲ್ ಇಳಿಸಿದ ಮೇಲೆ ಮೇಲಿನದು ಜಾಮ್ ಅಂತ ಗೊತ್ತಾದರೆ ಗಾಡಿ ಅಲ್ಲೇ ನಿಂತಿತು.

ಕೈ ಹಾಕಬಾರದ್ದು ಇಂಜೆಕ್ಟರ್ ಲೈನ್. ಇದು ಕಾಮನ್ ರೈಲ್ ಇಂಜಿನ್, ಅಂದರೆ ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಜೋರು ಒತ್ತಡದಲ್ಲಿ ಡೀಸೆಲ್ ಹೋಗುತ್ತದೆ. ಹಳೇ ಟ್ರ್ಯಾಕ್ಟರಿನಲ್ಲಿ ಇಂಜಿನ್ ಓಡುತ್ತಿರುವಾಗ ಇಂಜೆಕ್ಟರ್ ನಟ್ ಸಡಿಲಿಸಿ ಯಾವ ಸಿಲಿಂಡರ್ ಹೊಡೆಯುತ್ತಿಲ್ಲ ಅಂತ ನೋಡುತ್ತೇವಲ್ಲ, ಅದನ್ನು ಇಲ್ಲಿ ಯಾವತ್ತೂ ಮಾಡಬೇಡಿ. ಲೈನಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಕೈಯನ್ನೇ ಕಳೆದುಕೊಳ್ಳಬೇಕಾಗುತ್ತದೆ. ಡೀಸೆಲ್ ಫಿಲ್ಟರ್ ಬದಲಿಸುವುದು, ಅದರ ಕೆಳಗಿನ ನೀರು ಇಳಿಸುವುದು ನೀವೇ ಮಾಡಿ. ಅದರಿಂದ ಮುಂದಕ್ಕೆ ಬೇಡ.

ಬರೀ ಜಾಕಿ ಮೇಲೆ ನಿಂತ ಗಾಡಿ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ತಗೊಳ್ಳಿ. ಸೈಜುಗಲ್ಲು ಒಡೆಯುತ್ತದೆ, ಇಟ್ಟಿಗೆಯಂತೂ ಪುಡಿಯಾಗುತ್ತದೆ.

ಚಳ್ಳಕೆರೆ ಶೇಂಗಾ:

ಮೆಕ್ಯಾನಿಕ್ ಅಣ್ಣ ಹೇಳಿದ್ದೆಲ್ಲ ಸರಿ. ಬ್ರೇಕ್ ವಿಷಯದಲ್ಲಿ ನನ್ನದೊಂದು ಮಾತು. ಬ್ರೇಕ್ ಆಯಿಲ್ ಬದಲಿಸುವುದನ್ನೂ ಮೊದಲ ಸಲ ಗ್ಯಾರೇಜಿನಲ್ಲೇ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ. ಲೈನಿನಲ್ಲಿ ಒಂದು ಗಾಳಿ ಗುಳ್ಳೆ ಉಳಿದರೂ ಖಾಲಿ ಗಾಡಿಯಲ್ಲಿ ಗೊತ್ತಾಗದೆ, ಲೋಡ್ ಇದ್ದಾಗ ಪೆಡಲ್ ಕೆಳಗೆ ಹೋಗುತ್ತದೆ. ಹಿಂದಿನ ಡ್ರಮ್ ಬಿಚ್ಚಿಸಿ ಲೈನರ್ ಜೊತೆಗೆ ಬ್ರೇಕಿನ ಸಿಲಿಂಡರ್ ಒದ್ದೆ ಇದೆಯಾ ಅಂತಲೂ ನೋಡಿಸಿ.

ಆ ಜಾಸ್ತಿ ಪ್ಲೇಟ್ ನನಗೆ ಸರಿ ಕಾಣುತ್ತಿಲ್ಲ. ಪ್ಲೇಟ್ ಹಾಕಿದರೆ ಗಾಡಿ ಹಿಂದೆ ಕೂರುವುದಿಲ್ಲ ಅಷ್ಟೇ. ಆಕ್ಸಲ್, ಬ್ರೇಕ್, ಚಾಸಿ, ಟೈರ್ ಅವೇ ಅಲ್ವಾ? ಹಿಂದಿನ ಬ್ರೇಕಿಗೆ ಲೋಡ್ ನೋಡಿ ಒತ್ತಡ ಕೊಡುವ ವಾಲ್ವ್ ಕೆಲವು ಗಾಡಿಗಳಲ್ಲಿ ಇರುತ್ತದೆ. ಚಾಸಿಯಿಂದ ಆಕ್ಸಲ್‌ಗೆ ಒಂದು ಸಣ್ಣ ರಾಡ್ ಬಂದಿರುತ್ತದೆ. ಹಿಂಭಾಗ ಎತ್ತರವಾದರೆ ಲೋಡ್ ತುಂಬಿದ್ದರೂ ಗಾಡಿ ಖಾಲಿ ಇದೆ ಅಂತ ಅದು ಲೆಕ್ಕ ಹಾಕುತ್ತದೆ, ಹಿಂದಿನ ಬ್ರೇಕ್ ಕಡಿಮೆ ಹಿಡಿಯುತ್ತದೆ. ನಿಮ್ಮದರಲ್ಲಿ ಇದೆಯಾ ನೋಡಿ. ಪ್ಲೇಟ್ ಕೂತಿರುವ ಬ್ರಾಕೆಟ್ ಹತ್ತಿರ ಚಾಸಿ ಮೇಲೆ ವೆಲ್ಡಿಂಗ್ ಗುರುತು, ಕೂದಲೆಳೆ ಸೀಳು ಇದೆಯಾ ಅಂತ ಚೆನ್ನಾಗಿ ತೊಳೆದು ನೋಡಿ. ಕಬ್ಬಿಣ ಹೊಡೆದ ಗಾಡಿಯಲ್ಲಿ ನಾನು ಮೊದಲು ನೋಡುವ ಜಾಗ ಅದು.

ಟೈರಿನ ಪಕ್ಕದಲ್ಲಿ ಡಾಟ್ ಅಂತ ಬರೆದ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2318 ಅಂದರೆ 2018ರ 23ನೇ ವಾರ. ಟೈರಿನ ಗುಂಡಿ (ಗೀರಿನ ಆಳ) 1.6 ಮಿ.ಮೀ.ಗಿಂತ ಕಡಿಮೆಯಾದರೆ ಕಾನೂನು ಪ್ರಕಾರವೂ ಓಡಿಸುವಂತಿಲ್ಲ. ಸ್ಟೆಪ್ನಿಯನ್ನೂ ನೋಡಿ. ಮಾರುವವರು ಹಳೇ ಟೈರೇ ಅಲ್ಲಿ ಕೂರಿಸಿರುತ್ತಾರೆ.

ಹಿರಿಯೂರು ಅಕ್ಕ:

ನಮ್ಮ ಮನೆಯ ಗಾಡಿಗಳ ಕಾಗದ ಪತ್ರ ನಾನೇ ನೋಡಿಕೊಳ್ಳುವುದು, ಅದಕ್ಕೆ ಇದನ್ನೂ ಸೇರಿಸುತ್ತೇನೆ. ಫಾರಂ 29, 30 ಕೊಟ್ಟು 30 ದಿನದೊಳಗೆ ಆರ್‌ಸಿ ನಿಮ್ಮ ಹೆಸರಿಗೆ ಹಾಕಿಸಲು ಅರ್ಜಿ ಕೊಡಬೇಕು. ಹಳೇ ಸಾಲ ಇದ್ದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ ಮೊದಲು. ಇನ್ಶೂರೆನ್ಸ್ 14 ದಿನದೊಳಗೆ ಹೆಸರು ಬದಲಿಸಲು ಬರೆದುಕೊಡಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆಮೇಲೆ ಗಾಡಿ ಡ್ಯಾಮೇಜ್ ಆದಾಗ ಕ್ಲೇಮ್ ಕಷ್ಟ. ಎಂಟು ವರ್ಷದ ತನಕ ಫಿಟ್‌ನೆಸ್ ಸರ್ಟಿಫಿಕೇಟ್ ಅಂದರೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ನಿಮ್ಮದು 2018ರದು, ತಾರೀಖು ನೋಡಿಕೊಳ್ಳಿ. ಓವರ್‌ಲೋಡ್ ದಂಡ 2019ರ ತಿದ್ದುಪಡಿ ಪ್ರಕಾರ 20,000 ರೂಪಾಯಿ, ಜೊತೆಗೆ ಜಾಸ್ತಿ ಇರುವ ಪ್ರತಿ ಟನ್ನಿಗೆ 2,000. ಚೀಲ ಏರಿಸುವ ಮುಂಚೆ ಆರ್‌ಸಿಯಲ್ಲಿರುವ ತೂಕ ನೋಡಿ ತಮ್ಮಾ.

ಜಗಳೂರು ರೈತ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕ್ರಾಸ್ ಹಿಡಿದು ತಿರುವಿ ನೋಡಿದೆ. ಹಿಂದಿನದರಲ್ಲಿ ಆಟ ಇದೆ, ಕೆಂಪು ಪುಡಿಯೂ ಇದೆ. ಗ್ರೀಸ್ ಮೂರು ಕಪ್ಪಿನಲ್ಲಿ ಬಂತು, ನಾಲ್ಕನೆಯದರಲ್ಲಿ ಬರಲೇ ಇಲ್ಲ. ರೇಡಿಯೇಟರಿನಲ್ಲಿ ಎಣ್ಣೆ ಇಲ್ಲ, ಗುಳ್ಳೆ ಇಲ್ಲ, ಬರೀ ತುಕ್ಕು. ಬ್ರೇಕ್, ಪ್ಲೇಟ್ ಎರಡೂ ಗ್ಯಾರೇಜಿಗೆ ಬಿಟ್ಟೆ. ಎರಡು ಪ್ರಶ್ನೆ ಉಳಿದಿವೆ. ಕ್ರಾಸ್ ಬದಲಿಸುವ ತನಕ ಖಾಲಿ ಗಾಡಿ ಓಡಿಸಬಹುದಾ? ಇಳಿಸಿದ ಹಳೇ ಆಯಿಲ್ ಏನು ಮಾಡಲಿ? ಇಲ್ಲಿ ಕೆಲವರು ಗೆದ್ದಲಿಗೆ ಅಂತ ಬೇಲಿ ಕಂಬಕ್ಕೆ ಹಚ್ಚುತ್ತಾರೆ.

ಹದಡಿ ರಸ್ತೆ ಮೆಕ್ಯಾನಿಕ್:

ಗ್ಯಾರೇಜಿನ ತನಕ ನಿಧಾನಕ್ಕೆ ಬನ್ನಿ, ಅದಕ್ಕಿಂತ ದೂರ ಬೇಡ. ಓಡುವಾಗ ಕ್ರಾಸ್ ಮುರಿದರೆ ಶಾಫ್ಟ್ ನೆಲಕ್ಕೆ ಬಡಿಯುತ್ತದೆ, ಅಕ್ಕಪಕ್ಕದ ಬ್ರೇಕ್ ಪೈಪನ್ನೂ ಹೊಡೆದು ಹಾಕಬಹುದು. ಹೊಸದು ತರುವಾಗ ಹಳೇ ಕ್ರಾಸ್ ಕೈಯಲ್ಲೇ ಹಿಡಿದುಕೊಂಡು ಅಂಗಡಿಗೆ ಹೋಗಿ, ಕಪ್ಪಿನ ಅಳತೆ ಪಕ್ಕಕ್ಕಿಟ್ಟು ನೋಡಿ. ನಿಪ್ಪಲ್ ಇರುವುದನ್ನೇ ಕೇಳಿ, ಕೂರಿಸುವಾಗ ನಿಪ್ಪಲ್ ಮುಖ ಗ್ರೀಸ್ ಗನ್ ತಲುಪುವ ಕಡೆಗೆ ಇರಲಿ.

ಹಳೇ ಆಯಿಲ್ ಕಂಬಕ್ಕೂ ಬೇಡ, ಹೊಲಕ್ಕೂ ಬೇಡ. ಅದರಲ್ಲಿ ಸವೆದ ಲೋಹ ಇರುತ್ತದೆ, ಮಳೆಗೆ ಇಳಿದು ನಿಮ್ಮ ಮಣ್ಣಿಗೇ ಸೇರುತ್ತದೆ. ಮುಚ್ಚಳ ಇರುವ ಕ್ಯಾನಿನಲ್ಲಿ ತುಂಬಿ, ನೀರು, ಕೂಲೆಂಟ್ ಬೆರೆಸದೆ ಇಡಿ. ಗ್ಯಾರೇಜಿಗೆ ಬರುವಾಗ ತನ್ನಿ. ನಮ್ಮಲ್ಲಿ ಡ್ರಮ್ಮಿಗೆ ಹಾಕಿ ಇಡುತ್ತೇವೆ, ರೀಸೈಕಲ್ ಮಾಡುವವರು ಬಂದು ಒಯ್ಯುತ್ತಾರೆ.