ಬರೀ ಓದಿನಿಂದ ಇಂಗ್ಲಿಷ್ ಪದ ಕಲಿಕೆ: ಬಿಎ ಪ್ರಾಜೆಕ್ಟ್‌ಗೆ ಅಳೆಯೋದು ಹೇಗೆ?

ಕೊನೆಯ_ಸೆಮ್: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ 40 ವಿದ್ಯಾರ್ಥಿಗಳಿದ್ದಾರೆ. 1,000 ಪದಗಳ ಇಂಗ್ಲಿಷ್ ಕಥೆ, ಅದರಲ್ಲಿ 20 ಕಠಿಣ ಪದ. ಓದುವ ಮೊದಲೊಂದು, ಓದಿದ ಕೂಡಲೇ ಇನ್ನೊಂದು ಪರೀಕ್ಷೆ, ಎರಡರಲ್ಲೂ ನಾಲ್ಕು ಆಯ್ಕೆ. ನಿಘಂಟು ಇಲ್ಲ. ಇಷ್ಟು ಸಾಕಾ?

ಪದಸಂಚಿ: ಸಾಕಾಗಲ್ಲ. ಕಥೆಯನ್ನು ಯಾರ ನೆರವೂ ಇಲ್ಲದೆ ಅರ್ಥ ಮಾಡಿಕೊಳ್ಳಲು ಸುಮಾರು 98% ಪದ ಗೊತ್ತಿರಬೇಕು ಅಂತ ಸಂಶೋಧಕರಾದ ಹೂ ಮತ್ತು ಪಾಲ್ ನೇಷನ್ 2000ದಲ್ಲಿ ತೋರಿಸಿದರು. ಅಂದರೆ 50ಕ್ಕೆ ಒಂದೇ ಹೊಸ ಪದ. ನಿಮ್ಮ ಕಥೆ ಆ ಗಡಿಯಲ್ಲೇ ಇದೆ, ಆದರೆ ಪ್ರತಿ ಪದ ಒಂದೇ ಸಲ ಬಂದುಹೋಗುತ್ತೆ. ಒಮ್ಮೆ ಕಂಡ ಪದ ತಲೆಯಲ್ಲಿ ನಿಲ್ಲೋದು ಅಪರೂಪ. ಪದಗಳನ್ನು 10ಕ್ಕೆ ಇಳಿಸಿ, ತಲಾ 8 ಸಲ ಬರಲಿ. ಆಗ 80 ಕಡೆ ಹೊಸ ಪದ, 98% ಉಳಿಸಿಕೊಳ್ಳಲು 4,000 ಪದಗಳ ಕಥೆ. ನಿಮಿಷಕ್ಕೆ 100 ಪದದಂತೆ 40 ನಿಮಿಷ, ಒಂದು ಪೀರಿಯಡ್‌ನಲ್ಲಿ ಮುಗಿಯುತ್ತೆ.

ಓದುಗೋಲು: ದೊಡ್ಡ ತೊಡಕು ಮೊದಲ ಪರೀಕ್ಷೆಯೇ. ಪದಗಳನ್ನು ಅಲ್ಲಿ ನೋಡಿದವರು ಕಥೆಯಲ್ಲಿ ಅವನ್ನೇ ಹುಡುಕುತ್ತಾರೆ, ಆಮೇಲೆ ಅದು ಸಹಜ ಓದಲ್ಲ. ಗೊತ್ತಿರುವ ಪದದ ಜಾಗದಲ್ಲಿ ಕಟ್ಟುಪದ, ಅಂದರೆ ಇಂಗ್ಲಿಷಿನಲ್ಲಿ ಇಲ್ಲದ, ನೀವೇ ಕಟ್ಟಿದ ಪದ ಹಾಕಿ. ಯಾರಿಗೂ ಮೊದಲೇ ಗೊತ್ತಿರಲು ಸಾಧ್ಯವಿಲ್ಲ, ಪೂರ್ವಪರೀಕ್ಷೆಯೇ ಬೇಡ. ವೇರಿಂಗ್ ಮತ್ತು ತಕಾಕಿ ಜಪಾನಿನಲ್ಲಿ (2003) ಹೀಗೇ 25 ಪದ ಬದಲಿಸಿದ್ದರು. ಅರ್ಥ ಬರೆಯುವ ಪರೀಕ್ಷೆಯಲ್ಲಿ ಕೂಡಲೇ ಸರಾಸರಿ ಐದಕ್ಕಿಂತ ಕಡಿಮೆ, ಮೂರು ತಿಂಗಳ ಮೇಲೆ ಒಂದಕ್ಕಿಂತ ಕಡಿಮೆ. ಆಯ್ಕೆ ಪರೀಕ್ಷೆಯಲ್ಲಿ ಅಂಕ ಎರಡು ಪಟ್ಟಿಗೂ ಹೆಚ್ಚು. ಅದೊಂದನ್ನೇ ನಂಬಿದರೆ ಕಲಿಕೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತೆ.

ಹಾಗಾಗಿ ಮೊದಲು ಅರ್ಥ ಬರೆಸಿ, ಹಾಳೆ ವಾಪಸ್ ತಗೊಂಡ ಮೇಲಷ್ಟೇ ಆಯ್ಕೆಯ ಹಾಳೆ ಕೊಡಿ. ತಿರುಗುಮುರುಗಾದರೆ ಆಯ್ಕೆಗಳೇ ಅರ್ಥ ಹೇಳಿಕೊಡುತ್ತವೆ. ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಗುರುತು ಹಾಕಿದರೂ 10ಕ್ಕೆ 2.5 ಬರುತ್ತೆ, ಆದ್ದರಿಂದ ಚೀಟಿ ಎತ್ತಿ 20 ಜನರನ್ನು ಕಥೆ ಓದದ ಗುಂಪಾಗಿ ಇಡಿ. ಎರಡು ವಾರ ಬಿಟ್ಟು ಮತ್ತೆ ಅದೇ ಪರೀಕ್ಷೆ, ಮುಂಚೆ ಹೇಳದೆ. ಎಲ್ಲ ಮುಗಿದ ಮೇಲೆ ಅವು ಇಲ್ಲದ ಪದಗಳು ಅಂತ ತಿಳಿಸಲೇಬೇಕು.

ಕೊನೆಯ_ಸೆಮ್: ಕಟ್ಟುಪದ ಆರಿಸುವಾಗ ಏನು ನೋಡಬೇಕು? ಅರ್ಥವನ್ನು ಕನ್ನಡದಲ್ಲೇ ಬರೆಸಬಹುದಾ?

ಪದಸಂಚಿ: ಕನ್ನಡದಲ್ಲೇ ಬರೆಸಿ. ಇಂಗ್ಲಿಷಿನಲ್ಲಿ ಬರೆಸಿದರೆ ಗೊತ್ತಿದ್ದೂ ಬರೆಯಲಾಗದೆ ಸೊನ್ನೆ ಪಡೆಯುತ್ತಾರೆ. ಸರಿಯಾದ ಅರ್ಥಕ್ಕೆ 1, ಹತ್ತಿರದ್ದಕ್ಕೆ ಅರ್ಧ. ‘ಹತ್ತಿರ’ ಅಂದರೇನು ಅಂತ ಪ್ರತಿ ಪದಕ್ಕೂ ಮೊದಲೇ ಬರೆದಿಟ್ಟು, ಇಬ್ಬರು ಬೇರೆಬೇರೆಯಾಗಿ ಅಂಕ ಹಾಕಲಿ.

ಕಟ್ಟುಪದ ಇಂಗ್ಲಿಷ್ ಕಾಗುಣಿತಕ್ಕೆ ಒಗ್ಗಬೇಕು, ಕನ್ನಡ ಪದದಂತೆ ಕೇಳಿಸಬಾರದು. ‘ಒ-ಯು-ಜಿ-ಎಚ್’ ತರಹದ ಕೊನೆ ಬೇಡ. ಒಬ್ಬ ‘ಅಫ್’, ಇನ್ನೊಬ್ಬ ‘ಓ’ ಅಂತ ಓದಿಕೊಂಡರೆ ಇಬ್ಬರೂ ಬೇರೆಬೇರೆ ಪದ ಕಲಿತಂತೆ. ಕಥೆಯ ಉಳಿದ ಪದಗಳಲ್ಲಿ ‘ಕರೆಂಟ್’ ಇದ್ದರೆ ತೆಗೆಯಿರಿ: ನದಿಯ ಹರಿವಿನ ಬಗ್ಗೆ ವಾಕ್ಯ ಇದ್ದರೂ ನಮ್ಮವರಿಗೆ ಮೊದಲು ಹೊಳೆಯೋದು ವಿದ್ಯುತ್, ಪಕ್ಕದ ಕಟ್ಟುಪದದ ಊಹೆಯೂ ಅದರ ಜೊತೆ ದಾರಿ ತಪ್ಪುತ್ತೆ. ಕರಡು ಕಥೆಯನ್ನು ಈ 40ರಲ್ಲಿ ಇಲ್ಲದ ನಾಲ್ಕೈದು ಜನರಿಂದ ಮೊದಲು ಓದಿಸಿ, ಗೊತ್ತಿಲ್ಲದ ಪದಕ್ಕೆಲ್ಲ ಗೆರೆ ಎಳೆಸಿ. ಕಟ್ಟುಪದ ಬಿಟ್ಟು ಬೇರೆಯದಕ್ಕೂ ಗೆರೆ ಬಿದ್ದರೆ ಆ ಪದ ಬದಲಿಸಿ.