ಸೈಕಲ್ಲಿಗೆ 100 ಮಿ.ಮೀ. ಫೋರ್ಕ್ ತೆಗೆದು 140 ಹಾಕಿಸಿದವರು ಯಾರಾದರೂ ಇದ್ದೀರಾ? ಅನುಭವ ಹೇಳಿ

ಉತ್ತರಹಳ್ಳಿ ಹುಡುಗ:
ಎಲ್ಲರಿಗೂ ನಮಸ್ಕಾರ. ನನ್ನದು ಆರು ವರ್ಷದ ಹಳೇ ಅಲ್ಯೂಮಿನಿಯಂ ಹಾರ್ಡ್‌ಟೇಲ್, ಅಂದರೆ ಹಿಂದೆ ಶಾಕ್ ಇಲ್ಲದ ಸೈಕಲ್. ಮುಂದೆ 100 ಮಿ.ಮೀ. ಕುಸಿಯುವ ಫೋರ್ಕ್, ಹೆಡ್ ಆ್ಯಂಗಲ್ (ನೆಲಕ್ಕೆ ಫೋರ್ಕ್ ವಾಲಿರುವ ಕೋನ) 69.5 ಡಿಗ್ರಿ. ವಾರದ ಕೊನೆಗೆ ತುರಹಳ್ಳಿ ಕಾಡಿನ ಕಡೆ, ತಿಂಗಳಿಗೊಮ್ಮೆ ರಾಮನಗರ. ಕಡಿದಾದ ಇಳಿಜಾರಿನಲ್ಲಿ ಹ್ಯಾಂಡಲ್ ದಾಟಿ ಮುಂದಕ್ಕೆ ಬೀಳುತ್ತೇನೇನೋ ಅನಿಸುತ್ತದೆ. ಸೆಕೆಂಡ್ ಹ್ಯಾಂಡ್ 140 ಮಿ.ಮೀ. ಟೇಪರ್ಡ್ (ಮೇಲಿನ ಕೊಳವೆ ಬುಡದಲ್ಲಿ ದಪ್ಪ ಇರುವ) ಫೋರ್ಕ್ ಒಂದು 30 ಸಾವಿರಕ್ಕೆ ಸಿಗುತ್ತಿದೆ. ಹಾಕಿಸಲಾ, ಇಲ್ಲ ದುಡ್ಡು ಕೂಡಿಸಿ ಹಿಂದೆಯೂ ಶಾಕ್ ಇರುವ ಫುಲ್ ಸಸ್ಪೆನ್ಷನ್ ತಗೊಳ್ಳಲಾ? ಎತ್ತರ 5 ಅಡಿ 7 ಇಂಚು, ತೂಕ 74 ಕೆ.ಜಿ.

ಸೀಳಿದ ಫ್ರೇಮ್:
ಬೇಡ ಗುರು. ಇದೇ ಕೆಲಸ ಮಾಡಿ ಕೈ ಸುಟ್ಟುಕೊಂಡವನು ನಾನು. ಲೆಕ್ಕ ಬರೆದಿಟ್ಟಿದ್ದೇನೆ. ಫೋರ್ಕ್ 38,000. ನನ್ನ ಹೆಡ್ ಟ್ಯೂಬ್ (ಫ್ರೇಮಿನ ಮುಂಭಾಗದ ಕೊಳವೆ) 44 ಮಿ.ಮೀ., ಅದರೊಳಗೆ ಫೋರ್ಕಿನ ಟೇಪರ್ಡ್ ಕೊಳವೆ, ಅಂದರೆ ಸ್ಟೀರರ್, ಕೂರಲು ಕೆಳಗೆ ಹೊರಗಡೆ ಬೇರಿಂಗ್ ಕಪ್ ಬೇಕಾಯಿತು, 2,800. ಚಕ್ರದ ನಡುವಿನ ಹಳೇ ಹಬ್ ತೆಳು ಕಡ್ಡಿಯ ಕ್ವಿಕ್ ರಿಲೀಸ್, ಹೊಸ ಫೋರ್ಕಿಗೆ 15 ಮಿ.ಮೀ. ದಪ್ಪದ ಥ್ರೂ ಆಕ್ಸಲ್. ಹಬ್ 6,500. ಸ್ಪೋಕ್, ಚಕ್ರ ಕಟ್ಟಿದ ಕೂಲಿ ಸೇರಿ 3,200. ಹ್ಯಾಂಡಲ್ ಹಿಡಿಯುವ ಗಿಡ್ಡ ಸ್ಟೆಮ್ 1,900. ಒಟ್ಟು 52,400. ಸೈಕಲ್ ತಗೊಂಡಿದ್ದೇ 46,000ಕ್ಕೆ! ಮನೆಯಲ್ಲಿ ಇವತ್ತಿಗೂ 15 ಸಾವಿರ ಅಂತಲೇ ಹೇಳಿದ್ದೇನೆ.

ಹೆಚ್ಚಿದ ಎತ್ತರ ಫೋರ್ಕಿನದು 40 ಮಿ.ಮೀ., ಕಪ್ಪಿನದು 12. ಮುಂಭಾಗ ಐದು ಸೆಂಟಿಮೀಟರ್ ಮೇಲೆದ್ದಿತು. 20 ಮಿ.ಮೀ.ಗೆ ಸುಮಾರು ಒಂದು ಡಿಗ್ರಿ ಅಂತ ಲೆಕ್ಕ. ಹೆಡ್ ಆ್ಯಂಗಲ್ 69ರಿಂದ 66.5ಕ್ಕೆ ಇಳಿಯಿತು, ಮೊದಲ ದಿನ ಹಬ್ಬ. ಆದರೆ ಸೀಟ್ ಟ್ಯೂಬ್ ಕೂಡ ಅಷ್ಟೇ ಹಿಂದಕ್ಕೆ ವಾಲಿತಲ್ಲ, 73 ಇದ್ದದ್ದು 70.5. ಏರು ಬಂದರೆ ಹಿಂದಿನ ಚಕ್ರದ ಮೇಲೇ ಕೂತ ಹಾಗೆ. ಮುಂದಿನ ಚಕ್ರ ಎದ್ದೆದ್ದು ಕುಣಿಯುತ್ತಿತ್ತು. ಬಿಬಿ (ಪೆಡಲ್ ತಿರುಗುವ ಅಚ್ಚಿನ ಜಾಗ) ಮೇಲೆ ಹೋಯಿತು, ರೀಚ್ (ಅಲ್ಲಿಂದ ಹೆಡ್ ಟ್ಯೂಬಿಗೆ ಇರುವ ಅಡ್ಡ ದೂರ) ಕಮ್ಮಿಯಾಯಿತು. ಹದಿನಾಲ್ಕನೇ ತಿಂಗಳಿಗೆ ಡೌನ್ ಟ್ಯೂಬ್ ವೆಲ್ಡ್ ಹತ್ತಿರ ಕೂದಲಿನಂಥ ಗೆರೆ. ಬಣ್ಣ ಎದ್ದಿದೆ ಅಂದುಕೊಂಡೆ. ಮುಂದಿನ ವಾರ ಅದರೊಳಗೆ ಉಗುರು ಹೋಗುತ್ತಿತ್ತು. ವಾರಂಟಿ ಕೇಳಿದರೆ ಅಂಗಡಿಯವನು ಪುಸ್ತಕ ತೆಗೆದು, ಈ ಫ್ರೇಮಿಗೆ 120 ಮಿತಿ ಅಂತ ಬೆರಳಿಟ್ಟು ತೋರಿಸಿದ. ಫೋರ್ಕ್ ಹಾಕಿಕೊಟ್ಟವನೂ ಅವನೇ!

ಡಬಲ್ ಶಾಕ್:
ಫುಲ್ ಸಸ್ಪೆನ್ಷನ್ನೇ ತಗೊಳ್ಳಿ. ಹಾರ್ಡ್‌ಟೇಲಿನಲ್ಲಿ ಮುಂದೆ ಮಾತ್ರ ಕುಸಿಯುತ್ತದೆ. ಅಂದರೆ ಕಡಿದಾದ ಜಾಗದಲ್ಲಿ ಬ್ರೇಕ್ ಹಿಡಿದಾಗಲೇ ಹೆಡ್ ಆ್ಯಂಗಲ್ ನೆಟ್ಟಗಾಗುತ್ತದೆ. ಫೋರ್ಕ್ ಉದ್ದ ಇದ್ದಷ್ಟೂ ಈ ಆಟ ಜಾಸ್ತಿ. ನನ್ನದು ಹಿಂದೆ 140, ಮುಂದೆ 150. ನಾನು ಕೂತರೆ ಎರಡೂ ಕಡೆ ಇಳಿಯುತ್ತದೆ.

ಖರ್ಚಿಲ್ಲ ಅಂತ ಸುಳ್ಳು ಹೇಳಲ್ಲ. ಹಿಂದೆ 30 ಪರ್ಸೆಂಟ್ ಸ್ಯಾಗ್ ಅಂದರೆ ಸುಮ್ನೆ ಕೂತರೇ 42 ಮಿ.ಮೀ. ಹೋಯಿತು. ಬಿಬಿ ನೆಲಕ್ಕೆ ಹತ್ತಿರ ಬರುತ್ತದೆ. ತಿರುವಿನಲ್ಲಿ ಅಂಟಿಕೊಂಡ ಹಾಗೆ ಹೋಗುತ್ತದೆ ನಿಜ, ಆದರೆ ರಾಮನಗರದ ಕಲ್ಲಿಗೆ ಪೆಡಲ್ ಬಡಿದು ಬಡಿದು ಎರಡು ಜೊತೆ ಪೆಡಲ್ ಹೋದವು. 175 ಮಿ.ಮೀ. ಕ್ರ್ಯಾಂಕ್ (ಪೆಡಲಿನ ತೋಳು) ತೆಗೆದು 165 ಹಾಕಿಸಿದೆ, 9,200. ಮಳೆಗಾಲ ಮುಗಿದ ಮೇಲೆ ಹಿಂಭಾಗದ ಕೀಲುಗಳ ಪಿವಟ್ ಬೇರಿಂಗ್ ಎಲ್ಲ ಕಿರಗುಟ್ಟಿದವು, 6,400. ಪ್ರೆಷರ್ ವಾಷರ್ ಹಿಡಿದ ಪಾಪ ನನ್ನದೇ. ಶಾಕ್ ಸರ್ವಿಸಿಗೆ ಬೇರೆ ಊರಿಗೆ ಹೋಗಿ ಏಳು ವಾರ ಬರಲಿಲ್ಲ. ಅಷ್ಟು ದಿನ ಸೈಕಲ್ ಬಾಲ್ಕನಿಯಲ್ಲಿ, ಅದರ ಮೇಲೆ ಟವೆಲ್.

ಕಬ್ಬಿಣದ ಕುದುರೆ:
ತುರಹಳ್ಳಿಗೆ 140 ಹಿಂದಿನ ಶಾಕ್! ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಅಲ್ವಾ ಇದು?

ನನ್ನದು ಸ್ಟೀಲ್ ಹಾರ್ಡ್‌ಟೇಲ್. ಫೋರ್ಕ್ ಬರೀ 120. ಆದರೆ ಹೆಡ್ ಆ್ಯಂಗಲ್ 65, ಸೀಟ್ 76, ರೀಚ್ ಉದ್ದ, ಸ್ಟೆಮ್ 40. ಫ್ರೇಮನ್ನು ಹಾಗೇ ಮಾಡಿದ್ದಾರೆ, ನಾನು ಎಳೆದು ಬಗ್ಗಿಸಿದ್ದಲ್ಲ. ಆ್ಯಂಗಲ್ ಮಲಗಿದಷ್ಟೂ, ಹ್ಯಾಂಡಲ್ ತಿರುಗುವ ಗೆರೆ ನೆಲ ಮುಟ್ಟುವ ಜಾಗದಿಂದ ಟೈರ್ ಹಿಂದೆ ಉಳಿಯುತ್ತದೆ. ಸೂಪರ್ ಮಾರ್ಕೆಟ್ ಗಾಡಿಯ ಚಕ್ರ ನೋಡಿ, ತಳ್ಳಿದರೆ ತಾನೇ ನೇರವಾಗುತ್ತದೆ. ವೇಗದಲ್ಲಿ ಕಲ್ಲು ಹೊಡೆದರೂ ಕೈ ಕಿತ್ತುಕೊಳ್ಳಲ್ಲ. ನಿಧಾನದ ಏರಿನಲ್ಲಿ ಮಾತ್ರ ಮುಂದಿನ ಚಕ್ರ ಕುಡುಕನ ಹಾಗೆ ಅಲೆಯುತ್ತದೆ, ಒಪ್ಪುತ್ತೇನೆ. ಅದಕ್ಕೇ ಸೀಟ್ 76 ಇರೋದು, ಭಾರ ಮುಂದೆ ಬೀಳಲಿ ಅಂತ. ಎಲ್ಲ ಸೇರಿ 96,000. ಪಿವಟ್ ಬೇರಿಂಗಿಗೆ ಕೊಟ್ಟದ್ದು ಸೊನ್ನೆ.

ಡಬಲ್ ಶಾಕ್:
ಕುದುರೆಯವರೇ, ನಿಮ್ಮ ಸೊಂಟಕ್ಕೆ ವಯಸ್ಸೆಷ್ಟು? ನನ್ನದಕ್ಕೆ 47. ಐದು ವರ್ಷ ಬಿಟ್ಟು ಇದೇ ಭಾಷಣ ಮಾಡಿ, ಕೂತು ಕೇಳುತ್ತೇನೆ.

ಕಬ್ಬಿಣದ ಕುದುರೆ:
ನನಗೆ 51 ಸರ್. ಕಾಲು ಮಡಿಸಿ ನಿಂತು ಓಡಿಸಬೇಕು. ಸೋಫಾ ಅಂದುಕೊಂಡು ಕೂತರೆ ಸೊಂಟ ಹೋಗದೆ ಇನ್ನೇನು?

ಐದಡಿ ಎರಡಿಂಚು:
ನಿಮ್ಮಿಬ್ಬರ ಸೊಂಟ ಪಕ್ಕಕ್ಕಿಡಿ. ಯಾರೂ ತೂಕದ ಮಾತೇ ಎತ್ತಲಿಲ್ಲ. ನಾನು 51 ಕೆ.ಜಿ. 150 ಫೋರ್ಕಿನ ಬೈಕ್ ತಗೊಂಡೆ. ಎಷ್ಟು ಕುಸಿಯಿತು ಅಂತ ನೋಡಲು ಫೋರ್ಕಿನ ಕಾಲಿಗೆ ಕಟ್ಟಿದ ರಬ್ಬರ್ ರಿಂಗ್ ಎಂಟು ತಿಂಗಳಲ್ಲಿ ಒಮ್ಮೆಯೂ 95 ದಾಟಲಿಲ್ಲ. ಉಳಿದ 55 ಮಿ.ಮೀ.ಗೆ ಸುಮ್ನೆ ದುಡ್ಡು ಕೊಟ್ಟೆ. "ಮೇಡಂ, ಓಡಿಸ್ತಾ ಓಡಿಸ್ತಾ ಸಡಿಲ ಆಗುತ್ತೆ" ಅಂದರು ಅಂಗಡಿಯಲ್ಲಿ. ಆಗಲಿಲ್ಲ. ಆವಲಬೆಟ್ಟದ ಹತ್ತಿರ ಒಂದು ಪುಡಿಗಲ್ಲಿನ ತಿರುವು. ಹೆದರಿ ಹಿಂದಕ್ಕೆ ವಾಲಿದ್ದೆ. ಆ್ಯಂಗಲ್ ಮಲಗಿರುವ ಬೈಕಿನಲ್ಲಿ ಮುಂದಿನ ಟೈರಿಗೆ ನಾವೇ ಭಾರ ಹಾಕಬೇಕು, ಇಲ್ಲದಿದ್ದರೆ ಹಿಡಿಯಲ್ಲ. ಜಾರಿತು. ಕಾಲರ್ ಬೋನ್ ಎರಡು ತುಂಡು. ಆಸ್ಪತ್ರೆ ಬಿಲ್ 1,64,000, ಇನ್ಶೂರೆನ್ಸ್ ಕೊಟ್ಟದ್ದು 1,10,000. ಮೂರು ತಿಂಗಳು ಎಡಗೈಯಲ್ಲಿ ಮೌಸ್.

ಆಮೇಲೆ ಇನ್ನೊಬ್ಬ ಮೆಕ್ಯಾನಿಕ್ ಬಿಚ್ಚಿ ನೋಡಿದರೆ ಏರ್ ಚೇಂಬರಿನೊಳಗೆ ಎರಡು ಪ್ಲಾಸ್ಟಿಕ್ ಸ್ಪೇಸರ್. ಗಾಳಿಗೆ ಜಾಗ ಕಮ್ಮಿ ಮಾಡಿ ಕೊನೆಯಲ್ಲಿ ಗಟ್ಟಿ ಮಾಡುವಂಥವು, ದಪ್ಪ ಜನಕ್ಕೆ. ಎರಡೂ ತೆಗೆದ, ಗಾಳಿ ಇಳಿಸಿದ, 800 ತಗೊಂಡ. ಈಗ ರಿಂಗ್ 135ರವರೆಗೆ ಬರುತ್ತದೆ. 800 ರೂಪಾಯಿ ಕೆಲಸ!

ಸೀಳಿದ ಫ್ರೇಮ್:
ಮೇಡಂ, ಆ ಮೆಕ್ಯಾನಿಕ್ ಎಲ್ಲಿ ಸಿಗುತ್ತಾರೆ?

ಐದಡಿ ಎರಡಿಂಚು:
ಹೇಳಲ್ಲ. ಹೋದ ಸಲ ಹೇಳಿದ್ದಕ್ಕೆ ಈಗ ನನಗೇ ಹತ್ತು ದಿನ ಕಾಯಿಸುತ್ತಾನೆ.

ಟ್ಯೂಬ್‌ಲೆಸ್ ಭಕ್ತ:
ಇಷ್ಟೆಲ್ಲ ಯಾಕೆ? ಟ್ಯೂಬ್ ಕಿತ್ತೆಸೆದು 2.4 ಇಂಚಿನ ಟೈರ್ ಹಾಕಿ, ಗಾಳಿ ಇಳಿಸಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಜಾಲಿ ಮುಳ್ಳಿಗೂ ಹೆದರಬೇಕಿಲ್ಲ. ಅಂದಹಾಗೆ ನನ್ನ 130ರ ಬೈಕ್ ಮಾರಾಟಕ್ಕಿದೆ, ಕಾಡಿನಲ್ಲಿ ರ‍್ಯಾಂಪಿನ ಮೇಲೆ ಎರಡೇ ಸಲ ಹಾರಿಸಿದ್ದು.

ಕಬ್ಬಿಣದ ಕುದುರೆ:
ಓಹೋ, ತುರಹಳ್ಳಿಯಲ್ಲಿ ಮಣ್ಣು ಅಗೆದು ರ‍್ಯಾಂಪ್ ಕಟ್ಟಿದ್ದು ನೀವೇನಾ? 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ಬೇಡ ಅಂತ ನಾವು ಬೋರ್ಡ್ ಹಿಡಿದು ನಿಂತದ್ದು ನಿಮ್ಮ ಗುದ್ದಲಿಗಾಗಿ ಅಲ್ಲ.

ಟ್ಯೂಬ್‌ಲೆಸ್ ಭಕ್ತ:
ನಾನು ಕಟ್ಟಿಲ್ಲ ರೀ, ಹಾರಿದ್ದು ಅಷ್ಟೇ. ಕಾಡು ನಿಮ್ಮ ತಾತನದಾ?

ಡಬಲ್ ಶಾಕ್:
ಇದೊಂದರಲ್ಲಿ ಕುದುರೆಯವರ ಜೊತೆ ನಾನೂ ಇದ್ದೇನೆ. ಮೊದಲ ಮಳೆಗೆ ಆ ಮಣ್ಣೆಲ್ಲ ದಾರಿಗೇ ಬಂತು.

ಉತ್ತರಹಳ್ಳಿ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಒಂದು ಸಣ್ಣ ಡೌಟು. 44 ಮಿ.ಮೀ. ಹೆಡ್ ಟ್ಯೂಬ್ ಅಂದಿರಲ್ಲ, ಅದು ಒಳಗಿನ ಅಳತೆನಾ, ಹೊರಗಿನದಾ?

ಸೀಳಿದ ಫ್ರೇಮ್:
ಒಳಗಿನದು. ಕಪ್ ಬಿಚ್ಚಿಸಿ ಕ್ಯಾಲಿಪರ್ ಹಿಡಿಸಿ. ಮೇಲೂ ಕೆಳಗೂ.

ಉತ್ತರಹಳ್ಳಿ ಹುಡುಗ:
ಈಗ ಅಂಗಡಿಯಲ್ಲಿ ಹಿಡಿಸಿದೆ. ಎರಡೂ ಕಡೆ 34.

ಸೀಳಿದ ಫ್ರೇಮ್:
ಹಾಗಾದರೆ ಟೇಪರ್ಡ್ ಸ್ಟೀರರ್ ಅದರೊಳಗೆ ಹೋಗುವುದೇ ಇಲ್ಲ. ಕಪ್ ಹಾಕಿದರೂ ಆಗಲ್ಲ. ಮಾರುವವನಿಗೆ ಅಡ್ವಾನ್ಸ್ ಏನಾದರೂ ಕೊಟ್ಟಿದ್ದೀರಾ?

ಉತ್ತರಹಳ್ಳಿ ಹುಡುಗ:
5,000. ನಿನ್ನೆ ರಾತ್ರಿ.